ಔರಾದಿನ ನಲವತ್ತು ಶೀಶೆ

ನಲವತ್ತೂ ಶೀಶೆ ಖಾಲಿಯಾಗಿದ್ದವು.

ಸೋಮವಾರ ಬೆಳಿಗ್ಗೆ ನೌಬಾದದ ಪ್ರಯೋಗಾಲಯದ ಬಾಗಿಲು ತೆರೆದ ಡಾ. ಗಾರ್ಗಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡು ಕಿಟಕಿಗಳತ್ತ ಓಡಿದಳು. ಕೊಳೆತ ಮೊಟ್ಟೆಯಂಥ ನಾತ. ಫ್ರೀಜರಿನ ಬುಡದಲ್ಲಿ ಆ ನಾತದ ದ್ರಾವಣವಿದ್ದ ಬಾಟಲಿಯೊಂದು ಒಡೆದಿತ್ತು. ಗಾಜಿನ ಚೂರುಗಳ ಮೇಲೆ ಶೀಶೆಗಳ ಮುಚ್ಚಳ. ಬಿಸಿನೀರಿನಲ್ಲಿ ಕರಗಿಸಿ, ಚೆಲ್ಲಿ, ತೊಳೆದ ಶೀಶೆಗಳು ಸಿಂಕಿನಲ್ಲಿದ್ದವು.

ಅವುಗಳಲ್ಲಿದ್ದದ್ದು ಔರಾದ ತಾಲೂಕಿನಲ್ಲಿ ನಲವತ್ತು ಜನರಿಂದ ಪಡೆದ ಬೆನ್ನುಹುರಿಯ ನೀರು. ಮಿದುಳಿನ ಡೋಪಮೈನ್ ಬತ್ತಿ ಕೈಕಾಲು ನಡುಗಿಸುವ ಪಾರ್ಕಿನ್ಸನ್ ರೋಗದ ಸುಳಿವು, ನಡುಕಕ್ಕಿಂತ ಮೊದಲೇ ಆ ನೀರಿನಲ್ಲಿ ಸಿಗುತ್ತದೆಯೇ? ಆರು ವರ್ಷದ ಹುಡುಕಾಟ. ಮುಂದಿನ ವಾರ ಪರೀಕ್ಷೆ ಇತ್ತು. ಕೊಟ್ಟವರಲ್ಲಿ ಏಳು ಜನ ಈಗಿಲ್ಲ.

ಇನ್ಸ್‌ಪೆಕ್ಟರ್ ಮಹಾಮಾಯಾ ಮೊದಲು ಕಾವಲುಗಾರ ಅಬ್ದುಲ ಗಫೂರನನ್ನು ಕರೆದಳು.

"ನಿನ್ನೆ ಎಲ್ಲಿದ್ದಿ?"

"ಮಧ್ಯಾಹ್ನ ಊಟಕ್ಕ ಮನಿಗಿ ಹೋಗಿದ್ದೆರಿ, ಒಂದು ತಾಸು. ಬಂದಾಗ ಗೇಟಿನ ತನಕ ಬದಬೂ! ಗಟಾರ ಒಡದದ ಅಂದ್ಕೊಂಡೆ. ನನ್ನ ಹಂತೇಕ ಕೀಲಿ ಇಲ್ರಿ."

"ಕೀಲಿ ಯಾರ ಹಂತೇಕ ಅದಾವ?"

"ಮೂರು ಮಂದಿ," ಎಂದಳು ಗಾರ್ಗಿ. "ನಾನು, ಟೆಕ್ನಿಷಿಯನ್ ಗೌರವ, ಭಾಲ್ಕಿಯೊಳಗ ನಮ್ಮ ಚಂದ್ರಕಾಂತ ಸರ್."

ಗೌರವ ಸೀನಿದ. "ನೆಗಡಿರಿ ಮೇಡಂ, ನನಗ ಈ ವಾಸನಿನೇ ಬರವಲ್ದು. ನಿನ್ನೆ ಮುಂಜಾನಿಂದ ಸಂಜಿತನ ಔರಾದ್ದಾಗ, ಬೆನ್ನಿನ ನೀರು ಕೊಟ್ಟ ಕೇಶರಬಾಯಿ ಅವರ ಮನ್ಯಾಗಿದ್ದೆ."

ಮಹಾಮಾಯಾ ಫೋನ್ ಹಚ್ಚಿದಳು. ಆಚೆಯಿಂದ ಕೇಶರಬಾಯಿ ಗುಡುಗಿದಳು: "ಹೌದ್ರಿ, ಇಲ್ಲೇ ಇದ್ದ. ಮೂರು ರೊಟ್ಟಿ ತಿಂದು ಪಲ್ಯಕ್ಕ ರುಚಿನೇ ಇಲ್ಲ ಅಂದಾನ. ಬರ್ಲಿ ಇನ್ನೊಮ್ಮಿ!"

ಮಧ್ಯಾಹ್ನ ಮಹಾಮಾಯಾ, ಗಾರ್ಗಿ ಇಬ್ಬರೂ ಭಾಲ್ಕಿಗೆ ಹೋದರು. ಡಾ. ಚಂದ್ರಕಾಂತ ಮಿದುಳಿನ ಶಸ್ತ್ರಚಿಕಿತ್ಸೆಯಲ್ಲಿ ಹೆಸರಾದವರು, ಗಾರ್ಗಿಯ ಗುರು. ಸುದ್ದಿ ಕೇಳಿ ಕಣ್ಣೊರೆಸಿಕೊಂಡರು.

"ಆ ಗಫೂರನ ಮ್ಯಾಲೆ ನನಗ ಭರೋಸಾನೇ ಇರಲಿಲ್ಲವ್ವಾ."

ಅವರ ಬೆನ್ನ ಹಿಂದೆಯೇ ಅಡುಗೆಮನೆ. ಹಾಲು ಸೀದ ವಾಸನೆ ಬಂತು. ಗಾರ್ಗಿ ಎದ್ದು ಓಡಿ ಒಲೆ ಆರಿಸಿದಳು. ಹಿತ್ತಲಿನಿಂದ ಬಂದ ಅನಸೂಯಾಬಾಯಿ ಗಂಡನ ಮೇಲೆ ಹರಿಹಾಯ್ದರು.

"ಬಾಜೂಕ ಕೂತೀರಿ, ತಿಳೀಲಿಲ್ಲೇನ್ರಿ? ಹೋದ ವಾರನೂ ಹಿಂಗೇ!"

"ಶಿಷ್ಯಳು ಬಂದ್ರ ನನಗ ಲೋಕನೇ ತಿಳಿಯಂಗಿಲ್ಲ," ಅವರು ನಕ್ಕರು.

ಮಹಾಮಾಯಾ ನಗದೆ ಗಾರ್ಗಿಯತ್ತ ತಿರುಗಿದಳು. "ಡಾಕ್ಟರ್, ಈ ರೋಗ ಮೊದಲು ಹ್ಯಾಂಗ ಕಾಣಸ್ತದ? ಕೈ ನಡುಗ್ತಾವೇನು?"

"ಎಷ್ಟೋ ಮಂದಿಗಿ ಅದಕ್ಕ ವರ್ಷಗಟ್ಟಲೆ ಮೊದಲು ಮೂಗಿಗಿ ವಾಸನಿ ತಿಳಿಯೋದು—" ಸರ್ ಕಲಿಸಿದ ಮೊದಲ ಪಾಠ. ಗಾರ್ಗಿ ಅರ್ಧಕ್ಕೇ ನಿಂತಳು. ಕೈಯಲ್ಲಿ ಇನ್ನೂ ಹಾಲಿನ ಪಾತ್ರೆ ಇತ್ತು.

"ಯಾರು ಬಂದ್ರು ಅಂತ ಹುಡುಕಿದ್ವಿ. ಆ ನಾತದಾಗ ಹ್ಯಾಂಗ ನಿಂತ್ರು ಅಂತ ಕೇಳಲಿಲ್ಲ," ಎಂದಳು ಮಹಾಮಾಯಾ. "ಮುಚ್ಚಳ ಗಾಜಿನ ಮ್ಯಾಲೆ ಬಿದ್ದಾವ. ಅಂದ್ರ ಬಾಟ್ಲಿ ಮೊದಲು ಒಡದದ. ಆಮ್ಯಾಲೆ ನಲವತ್ತು ಶೀಶಿ ತೆಗದು ಕರಗಿಸಿ ತೊಳಿಲಿಕ್ಕ ಅರ್ಧ ತಾಸರೆ ಬೇಕು. ಖಿಡಕಿ ಎಲ್ಲಾ ಮುಚ್ಚಿದ್ವು! ವಾಸನಿ ತಿಳಿಯೋರು ಎರಡು ನಿಮಿಷ ನಿಲ್ಲಂಗಿಲ್ಲ. ಕೀಲಿ ಇದ್ದವರೊಳಗ ಗೌರವಗ ನೆಗಡಿ, ಆದ್ರ ಅವ ಔರಾದ್ದಾಗಿದ್ದ. ಗಾರ್ಗಿ ಡಾಕ್ಟರ್ ಈಗ ಹಾಲಿನ ವಾಸನಿಗಿ ಓಡಿದ್ರು. ಉಳಿದವರು ನೀವೇ ಸರ್."

ಚಂದ್ರಕಾಂತ ಹಾಲಿನ ಪಾತ್ರೆಯತ್ತ ನೋಡಿದರು. "ವಾಸನಿ ಹೋಗಿ ಎರಡು ವರ್ಷ ಆತು. ಮುಂದಿನ ವಾರ ಪರೀಕ್ಷಾದಾಗ ಈ ರೋಗ ಅಂತ ತಿಳದ್ರ ಯಾರು ನನ್ನ ಕೈಯಾಗ ಚಾಕು ಕೊಡ್ತಾರ?"

ಗಾರ್ಗಿಗೆ ಆರು ವರ್ಷದ ಹಿಂದೆ ಆ ನೀರು ಪಡೆದ ಔರಾದಿನ ಶಾಲೆ ನೆನಪಾಯಿತು. ಸೂಜಿಗೆ ಹೆದರಿ ಜನ ಹಿಂಜರಿದಾಗ, ಬೆಂಚಿನ ಮೇಲೆ ಎಲ್ಲರಿಗಿಂತ ಮುಂಚೆ ಮಗ್ಗುಲಾಗಿ ಮಲಗಿದವರು ಇವರೇ. 'ಮೊದಲು ನಂದು ತಗೋ.' ಅವರನ್ನು ನೋಡಿಯೇ ಉಳಿದವರು ಬೆನ್ನು ಕೊಟ್ಟಿದ್ದರು.

"ನಿಮ್ಮದೊಂದೇ ಚೆಲ್ಲಿದ್ರ ಸಾಕಿತ್ತಲ್ರಿ ಸರ್?"

"ಯಾವದು ನಂದು ಅಂತ ಹ್ಯಾಂಗ ತಿಳೀಬೇಕು? ಹೆಸರು ಬರೀಬ್ಯಾಡ, ನಂಬರ್ ಹಾಕು, ಪಟ್ಟಿ ಯಾರಿಗೂ ತೋರಿಸಬ್ಯಾಡ ಅಂತ ಕಲಿಸಿದವ ನಾನೇ."

ಗಾರ್ಗಿ ಸೀದ ಪಾತ್ರೆಯನ್ನು ಅವರ ಮುಂದಿಟ್ಟಳು.

"ಏಳು ಮಂದಿ ಸತ್ತಾರ. ಅವರ ಮನಿಗಿ ನಾ ಹೋಗಬೇಕು ಸರ್. ನಿಮ್ಮ ಮುಖ ನೋಡಿ ಕೊಟ್ಟಿದ್ರು. ಯಾರು ಚೆಲ್ಲಿದ್ರು ಅಂತ ಕೇಳ್ತಾರ. ಅಲ್ಲಿ ನಂಬರ್ ಹೇಳ್ಲಿಕ್ಕ ಬರಂಗಿಲ್ಲ. ಹೆಸರೇ ಹೇಳಬೇಕು."

ಚಂದ್ರಕಾಂತ ಜೇಬಿನಿಂದ ಪ್ರಯೋಗಾಲಯದ ಕೀಲಿ ತೆಗೆದು ಮೇಜಿನ ಮೇಲಿಟ್ಟರು.