ನೀರುಕೋಣವನ್ನು ತಡೆದ ಮಣ್ಣಿನ ಒಡ್ಡು

ಬಹಳ ಬಹಳ ಹಿಂದೆ, ಏಳು ಗುಡ್ಡಗಳ ನಡುವೆ ಚಂಪಾವಳಿ ಎಂಬ ರಾಜ್ಯವಿತ್ತು. ಅಲ್ಲಿನ ಹಳ್ಳದ ಮೇಲ್ಗಡೆ, ಒಂದು ಗವಿಯಲ್ಲಿ, ಧೂಮಕೇಶನೆಂಬ ಮಾಂತ್ರಿಕನಿದ್ದ. ಜನ ಹೆದರಿ ಓಡಿದರೆ ಕಣಿವೆಯೆಲ್ಲ ತನ್ನದಾಗುತ್ತದೆ ಎಂಬ ಆಸೆ ಅವನಿಗೆ. ಅದಕ್ಕೇ ಪ್ರತಿ ಮಳೆಗಾಲ ತನ್ನ ಮಂತ್ರದ ಮಡಕೆಯಿಂದ, ನೆರೆನೀರೇ ಕೋಣದ ರೂಪ ತಳೆದ ನೀರುಕೋಣವನ್ನು ಬಿಡುತ್ತಿದ್ದ. ಅದು ಮನೆ, ಕಣ, ಕೊಟ್ಟಿಗೆಗಳನ್ನೆಲ್ಲ ಕೊಚ್ಚಿಕೊಂಡು ಹೋಗುತ್ತಿತ್ತು.

ಒಂದು ವರ್ಷ ಅದು ಮಣ್ಣು ಕೆಲಸದ ಗಾಳೆವ್ವನ ಗಂಡನನ್ನೇ ಒಯ್ದಿತು. ಗಾಳೆವ್ವ ಅತ್ತಳು. ಅತ್ತು ಮುಗಿಸಿ, ರಾಜ ಚಿತ್ರಬಾಹುವಿನ ಮುಂದೆ ಹೋಗಿ ನಿಂತಳು.

"ಮಹಾಪ್ರಭು, ಜನ ಕೊಡಿ. ಹಳ್ಳಕ್ಕೆ ಅಡ್ಡ ಒಡ್ಡು ಹಾಕ್ತೀನಿ."

ಬೇಸಿಗೆಯಿಡೀ ಜನ ಬುಟ್ಟಿ ಹೊತ್ತರು, ಎತ್ತುಗಳು ಮಣ್ಣು ತುಳಿದವು. ಒಡ್ಡು ಎದ್ದಿತು.

ಅದನ್ನು ಕೊರೆಯಲು ಧೂಮಕೇಶ ಕಬ್ಬಿಣದ ಕೊಂಡಿಯ ಸಾವಿರ ಏಡಿಗಳನ್ನು ಕಳಿಸಿದ. ಗಾಳೆವ್ವ ಒಡ್ಡಿನ ನಡುವೆ ಅಂಟು ಜೇಡಿಮಣ್ಣು ತುಂಬಿಸಿದಳು. ಏಡಿಗಳು ಸಿಕ್ಕಿಕೊಂಡವು. ಆಮೇಲೆ ಅವನು ಒಡ್ಡನ್ನು ಕಚ್ಚಿ ಕೆಡವಲು ಅಲೆಹಾವನ್ನು ಕಳಿಸಿದ. ಅವಳು ಒಡ್ಡಿನ ಮುಖಕ್ಕೆ ಕಲ್ಲು ಹೊದಿಸಿದಳು. ಹಾವಿನ ಹಲ್ಲು ಮುರಿಯಿತು.

ಮೂರನೆಯ ಸಲ ಮಾಂತ್ರಿಕ ಮುದಿ ಶಿಲ್ಪಿಯ ವೇಷ ತೊಟ್ಟು ತಾನೇ ಅರಮನೆಗೆ ಬಂದ.

"ರಾಜಾ, ಆ ಹೆಂಗಸು ಒಡ್ಡಿನ ಪಕ್ಕದಲ್ಲಿ ತಗ್ಗು ಬಿಟ್ಟಿದ್ದಾಳೆ. ಕೋಣಕ್ಕೆ ಬಾಗಿಲು ತೆರೆದಿಟ್ಟ ಹಾಗಾಯಿತು. ಮುಚ್ಚಿಸು."

ರಾಜ ಸಿಟ್ಟಿನಿಂದ ಗಾಳೆವ್ವನನ್ನು ಕರೆಸಿದ.

"ಅದು ಕೋಡಿ, ಮಹಾಪ್ರಭು," ಎಂದಳು ಅವಳು. "ತುಂಬಿದ ನೀರು ಹೋಗೋಕೆ ದಾರಿ ಬೇಕು. ಇಲ್ಲದಿದ್ರೆ ಒಡ್ಡಿನ ನೆತ್ತಿ ಹತ್ತುತ್ತೆ. ನೆತ್ತಿ ಹತ್ತಿದ್ರೆ ಮಣ್ಣು ಉಳಿಯಲ್ಲ."

"ನಿನ್ನ ಮಾತು ಸುಳ್ಳಾದರೆ?"

"ಒಡ್ಡಿನ ಬುಡದಲ್ಲೇ ಗುಡಿಸಲು ಹಾಕಿಕೊಂಡಿರ್ತೀನಿ. ಮೊದಲು ಹೋಗೋಳು ನಾನೇ."

ರಾಜ ಅವಳ ಬಿರುಕುಬಿಟ್ಟ ಕೈಗಳನ್ನು ನೋಡಿದ. "ಕೋಡಿ ಇರಲಿ," ಎಂದ.

ಮಳೆ ಹಿಡಿಯಿತು. ಜನ ಗಂಟುಮೂಟೆ ಹೊತ್ತು ಗುಡ್ಡ ಹತ್ತಿದರು. ನೀರುಕೋಣ ಗುಡುಗುತ್ತಾ ಬಂದು ಒಡ್ಡನ್ನು ಗುದ್ದಿತು. ಒಡ್ಡು ನಡುಗಿತು. ಮತ್ತೆ ಗುದ್ದಿತು. ನೀರು ಏರಿತು. ಮೂರನೆಯ ಸಲ ಅದರ ಕೊಂಬು ನೆತ್ತಿಗೆ ಒಂದು ಗೇಣಿನಷ್ಟೇ ದೂರ ಬಂತು. ಗಾಳೆವ್ವ ಗುಡಿಸಲ ಮುಂದೆಯೇ ನಿಂತಳು.

ಆಗ ಕೋಣ ಕೋಡಿಯನ್ನು ಕಂಡು ನುಗ್ಗಿತು. ಇಕ್ಕಟ್ಟಿನಲ್ಲಿ ನುಸುಳಿ ನುಸುಳಿ, ಆ ಕಡೆ ಬರುವಷ್ಟರಲ್ಲಿ ಪುಟ್ಟ ಕರುವಾಗಿತ್ತು. ಕೋಡಿಯ ಕಾಲುವೆಗುಂಟ ಕುಣಿಯುತ್ತಾ ನದಿಗೆ ಹೋಯಿತು. ಒಡ್ಡಿನ ಹಿಂದೆ ನಿಂತ ನೀರು ಗವಿಯೊಳಗೆ ಹೊಕ್ಕು ಮಡಕೆಯನ್ನು ಒಡೆಯಿತು. ಮಂತ್ರವೆಲ್ಲ ಕರಗಿ, ಧೂಮಕೇಶ ಹೊಗೆಯಾಗಿ ಹಾರಿಹೋದ.

"ಇಳಿದು ಬನ್ರೋ!" ಎಂದು ಗಾಳೆವ್ವ ಕೂಗಿದಳು.

ಯಾರಿಗೂ ನಂಬಿಕೆ ಬರಲಿಲ್ಲ. ಕೊನೆಗೆ ಒಬ್ಬ ಅಜ್ಜಿ ಕೋಲೂರಿಕೊಂಡು ಇಳಿದಳು. ಬೀದಿಯ ನೀರಿಗೆ ಕಾಲಿಟ್ಟಳು. ಪಾದವೂ ಮುಳುಗಲಿಲ್ಲ. ಅಜ್ಜಿ ಅಲ್ಲೇ ಕೂತು ನಗತೊಡಗಿದಳು. ಆ ನಗು ಕೇಳಿ ಊರೆಲ್ಲ ಇಳಿದು ಬಂತು.

ಅಲ್ಲಿಂದ ಮುಂದೆ ಮೋಡ ಕವಿದರೆ ಚಂಪಾವಳಿಯಲ್ಲಿ ಯಾರೂ ಗಂಟು ಕಟ್ಟಲಿಲ್ಲ. ಬಾಗಿಲಲ್ಲಿ ಕೂತು ಮಳೆ ನೋಡುತ್ತಾ, ಬಿಸಿಬಿಸಿ ಹುರಿಗಡಲೆ ತಿನ್ನುತ್ತಾ ನೂರು ಮಳೆಗಾಲ ಸುಖವಾಗಿದ್ದರು.