ಪಕ್ಕದ ಮನೇಲಿ ಮಾತಾಡಿದ ಟೀವಿ

ಲರೀಸಾ ಬಾಗಿಲು ತೆಗೆದಾಗ ಎದುರಿಗೆ ನಿಂತಿದ್ದವನ ಕೈಯಲ್ಲಿ ಪೊರಕೆ ಇತ್ತು.

ಜನವರಿಯ ಶನಿವಾರ ಮಧ್ಯಾಹ್ನ. ಕೆನಡಾದ ಸಸ್ಕಟೂನಿನಲ್ಲಿ ಆ ತಿಂಗಳ ಬಿಸಿಲು ಕಣ್ಣಿಗೆ ಮಾತ್ರ, ಮೈಗಲ್ಲ. ಅಂಥ ಚಳಿಯಲ್ಲಿ ಕೋಟೂ ಇಲ್ಲದೆ, ಉಸಿರಿನ ಹೊಗೆ ಬಿಡುತ್ತಾ ಅವನು ನಿಂತಿದ್ದ.

"ನಾನು ಹೋದ ವಾರ ಪಕ್ಕದ ಮನೆಗೆ ಬಂದೋನು. ಗಾರ್ನೆಟ್ ಅಂತ. ನೀವು ಈಗ ಕರ್ಲಿಂಗ್ ಮ್ಯಾಚ್ ನೋಡ್ತಿದ್ದೀರಾ?"

"ಹೌದು. ಯಾಕೆ, ಶಬ್ದ ಜಾಸ್ತಿ ಆಯ್ತಾ?" ಅಂದವಳಿಗೆ ತಾನು ಕೇಳಿದ್ದು ಎಂಥ ಪ್ರಶ್ನೆ ಅನಿಸಿತು. ಮ್ಯಾಚ್ ಹಾಕಿದಾಗಿನಿಂದ ಆ ಟೀವಿಯಿಂದ ಒಂದು ಪಿಸುಮಾತೂ ಹೊರಟಿರಲಿಲ್ಲ. ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ, ಅದರ ಮುಂದೆ ಪೊರಕೆಯಿಂದ ಉಜ್ಜುತ್ತಾ ಸಾಗುವ ಆ ಆಟದ ಚಿತ್ರ ಓಡುತ್ತಿತ್ತು, ಸದ್ದು ಸತ್ತಿತ್ತು.

"ಶಬ್ದ ನಿಮ್ಮಲ್ಲಿಲ್ಲ, ನಮ್ಮಲ್ಲಿದೆ," ಅಂದ ಅವನು. "ಮನೆ ಗುಡಿಸ್ತಾ ಇದ್ದೆ. ಇದ್ದಕ್ಕಿದ್ದ ಹಾಗೆ ಯಾರೋ ಹೆಂಗಸು 'ಉಜ್ಜು! ಇನ್ನೂ ಜೋರಾಗಿ ಉಜ್ಜು!' ಅಂತ ಕಿರುಚಿದಳು. ದೇವರಾಣೆಗೂ ಹೆದರಿಕೊಂಡು ನಾಲ್ಕು ಸಲ ಜೋರಾಗಿ ಉಜ್ಜೇಬಿಟ್ಟೆ."

ಲರೀಸಾ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು. ಅಷ್ಟು ನಕ್ಕು ಎಷ್ಟು ಕಾಲವಾಗಿತ್ತೋ. ಅವನು ಮೊದಲು ಗಂಭೀರವಾಗಿಯೇ ಇದ್ದ. ಆಮೇಲೆ ಅವನ ಮೀಸೆಯ ಒಂದು ತುದಿ ಅಲುಗಿತು, ಕಣ್ಣಂಚು ಸುಕ್ಕಾಯಿತು. ಆ ಸುಕ್ಕನ್ನು ಅವಳು ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು.

"ಯಾರೇ ಅದು?" ಒಳಗಿನಿಂದ ಅಪ್ಪ ಕೂಗಿದ.

ಅಪ್ಪ ವಾಸಿಲ್ ಹ್ನಾಟಿಯುಕ್ ಕಿವಿ ಮಂದವಾದ ಮುದುಕ. ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದಿದ್ದ. ಮಾತು ಅರ್ಧ ಕೇಳಿಸುತ್ತಿತ್ತು, ಇನ್ನರ್ಧ ಕೇಳುವ ಆಸೆಯನ್ನೇ ಬಿಟ್ಟಿದ್ದ. ಟೀವಿ ಎಷ್ಟು ಜೋರು ಮಾಡಿದರೂ, "ಎಲ್ಲರೂ ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಕೊಂಡು ಮಾತಾಡ್ತಾರೆ" ಅಂತ ರೇಗಿ ಎದ್ದು ಹೋಗುತ್ತಿದ್ದ. ಅದಕ್ಕೇ ಲರೀಸಾ ಹಬ್ಬದ ನಂತರದ ಸೇಲಿನಲ್ಲಿ ಸೌಂಡ್‌ಬಾರ್ ತಂದಿದ್ದಳು. ಟೀವಿ ಕೆಳಗೆ ಇಡುವ ಉದ್ದನೆಯ ಸ್ಪೀಕರ್ ಅದು. ವೈರಿನ ಗೋಜೇ ಬೇಡ, ಬ್ಲೂಟೂತಿನಲ್ಲೇ ಆಗುತ್ತದೆ ಅಂದಿದ್ದ ಅಂಗಡಿಯವನು.

ಗಾರ್ನೆಟ್ ಒಳಗೆ ಬಂದು ಸೌಂಡ್‌ಬಾರ್ ನೋಡಿ ಹಣೆ ಚಚ್ಚಿಕೊಂಡ. "ನಂದೂ ಇದೇ. ಅದೇ ಸೇಲ್, ಅದೇ ಮಾಡೆಲ್. ಬೆಳಿಗ್ಗೆಯಿಂದ ನೀಲಿ ದೀಪ ಮಿಣುಕಿಸ್ತಾ ಜೋಡಿಗೆ ಕಾಯ್ತಾ ಕೂತಿತ್ತು. ನಿಮ್ಮ ಟೀವಿ ಸೀದಾ ಗೋಡೆ ಹಾರಿ ಬಂದು ಅದನ್ನ ಹಿಡ್ಕೊಂಡಿದೆ."

"ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಲ ಇತ್ತು," ಅಂದಳು ಲರೀಸಾ. "ಮೇಲಿಂದು ಒತ್ತಿದೆ."

"ನಿಮ್ಮ ತಪ್ಪಲ್ಲ ಬಿಡಿ. ಮೇಲಿರೋದು ಯಾವಾಗ್ಲೂ ಚೆನ್ನಾಗೇ ಕಾಣುತ್ತೆ."

ಟೀವಿಯಲ್ಲಿ ಆ ಜೋಡಿಯನ್ನು ಅಳಿಸಿ, ಮತ್ತೆ ಗೊಂದಲ ಬೇಡವೆಂದು ಅವನು ತನ್ನ ಮನೆಯಿಂದ ಒಂದು ಎಚ್‌ಡಿಎಂಐ ಕೇಬಲ್ ತಂದ. ಇಬ್ಬರೂ ಟೀವಿ ಹಿಂದೆ ತಲೆ ತೂರಿಸಿದರು. ಅಲ್ಲಿ ಧೂಳು, ಕತ್ತಲು, ಒಂದೇ ಥರದ ತೂತುಗಳು. ಒಂದಕ್ಕೆ ಹಾಕಿದರು, ಸದ್ದಿಲ್ಲ. ಲರೀಸಾ ಫೋನಿನ ಬೆಳಕು ಹಿಡಿದು, ಕನ್ನಡಕ ಮೂಗಿನ ತುದಿಗೆ ಇಳಿಸಿ ಓದಿದಳು. "ಇದರ ಪಕ್ಕ ಮಾತ್ರ ಎ, ಆರ್, ಸಿ ಅಂತ ಬರೆದಿದೆ. ಇದಕ್ಕೇ ಹಾಕ್ಬೇಕೇನೋ."

ಅವನ ಕೈ ಆ ತೂತು ಹುಡುಕುತ್ತಾ ಅವಳ ಬೆರಳಿಗೆ ತಾಗಿತು. "ಅಲ್ಲಲ್ಲ, ಅದು ನನ್ನ ಕೈ," ಅಂದಳು.

"ಗೊತ್ತಾಯ್ತು. ಕೇಬಲ್ ಇಷ್ಟು ಬೆಚ್ಚಗಿರಲ್ಲ."

ಕತ್ತಲಲ್ಲಿ ಅವಳ ಕೆನ್ನೆ ಕೆಂಪಾದದ್ದು ಯಾರಿಗೂ ಕಾಣಲಿಲ್ಲ.

ಆಮೇಲೂ ಸದ್ದು ಬರಲಿಲ್ಲ. ಸೆಟ್ಟಿಂಗ್ಸಿನಲ್ಲಿ ಸದ್ದು ಟೀವಿಯ ಸ್ವಂತ ಸ್ಪೀಕರಿಗೇ ಹೋಗಲಿ ಎಂದಿತ್ತು. ಅದನ್ನು ಹೊರಗಿನ ಸ್ಪೀಕರಿಗೆ ಬದಲಿಸಿದ ಕೂಡಲೇ ಮಂಜುಗಡ್ಡೆಯ ಮೇಲೆ ಕಲ್ಲು ಜಾರುವ ಗುರುಗುರು ಸದ್ದು ಕೋಣೆ ತುಂಬಿತು. ಕ್ಯಾಪ್ಟನ್ ಕೂಗಿದಳು, ಜನ ಚಪ್ಪಾಳೆ ತಟ್ಟಿದರು. ವಾಸಿಲ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ.

"ಅವಳು 'ನಿಧಾನ' ಅಂದಳು," ಅಂದ ಮುದುಕ. "ಕೇಳಿಸ್ತು ನಂಗೆ."

ಲರೀಸಾ ಅಡುಗೆಮನೆಗೆ ಹೋಗಿ, ಇಲ್ಲದ ಕೆಲಸ ಹುಡುಕಿಕೊಂಡು, ಕಣ್ಣು ಒರೆಸಿಕೊಂಡಳು.

ಒಂದು ತಾಪತ್ರಯ ಉಳಿದಿತ್ತು. ತುಟಿ ಮೊದಲು ಅಲುಗುತ್ತಿತ್ತು, ಮಾತು ಆಮೇಲೆ ಬರುತ್ತಿತ್ತು. "ಮುಂದಿನ ಶನಿವಾರ ಬಂದು ನೋಡ್ತೀನಿ," ಅಂದ ಗಾರ್ನೆಟ್. ಹೋಗುವಾಗ ಪೊರಕೆ ಮರೆತ. ಮರೆತನೋ ಬಿಟ್ಟನೋ.

ಹೀಗೆ ಶನಿವಾರಗಳು ಶುರುವಾದವು. ತುಟಿಗೂ ಮಾತಿಗೂ ಹೊಂದಿಸುವ ಹೊತ್ತಿಗೆ ಒಂದು ಮಧ್ಯಾಹ್ನ ಹೋಯಿತು. ರಿಮೋಟ್ ಒತ್ತಿದರೆ ಸೌಂಡ್‌ಬಾರ್ ಬದಲು ಟೀವಿಯ ಸದ್ದೇ ಏರುತ್ತಿದ್ದುದನ್ನು ಸರಿ ಮಾಡಲು ಇನ್ನೊಂದು. ಇಬ್ಬರಿಗೂ ಅದರ ವಿದ್ಯೆ ಅಷ್ಟಕ್ಕಷ್ಟೆ. ಅವಳು ಕೈಪಿಡಿ ಓದುತ್ತಿದ್ದಳು, ಅವನು ಓದುವ ಮೊದಲೇ ಗುಂಡಿ ಒತ್ತುತ್ತಿದ್ದ.

"ತಡೀರಿ, ಇನ್ನೂ ಸಾಲು ಮುಗಿದಿಲ್ಲ!"

"ಸಾಲು ಮುಗಿಯೋದ್ರೊಳಗೆ ವಯಸ್ಸಾಗುತ್ತೆ."

"ಆಗ್ಲೇ ಆಗಿದೆ."

"ನಂಗಾಗಿದೆ. ನಿಮಗಿಲ್ಲ," ಅಂದು ಅವನು ರಿಮೋಟನ್ನು ಮಹಾ ಶ್ರದ್ಧೆಯಿಂದ ನೋಡತೊಡಗುತ್ತಿದ್ದ.

ಪಿರೋಹಿ ಬೇಯಿಸಿ ಇಟ್ಟರೆ, ಆಲೂಗಡ್ಡೆ ತುಂಬಿದ ಆ ಕಡುಬುಗಳನ್ನು ಹುಳಿಕೆನೆಯಲ್ಲಿ ಅದ್ದಿ ಅಪ್ಪನ ಜೊತೆ ಪೈಪೋಟಿಗೆ ಬಿದ್ದು ತಿನ್ನುತ್ತಿದ್ದ. ಅವನೊಬ್ಬ ವೆಲ್ಡಿಂಗ್ ಮೇಷ್ಟ್ರು. ಮ್ಯಾನಿಟೋಬಾದ ಉತ್ತರದಲ್ಲಿ, ಫ್ಲಿನ್ ಫ್ಲಾನ್ ಎಂಬ ಊರಿನ ಗಣಿಯ ವರ್ಕ್‌ಶಾಪಿನಲ್ಲಿ ವರ್ಷಗಟ್ಟಲೆ ದುಡಿದವನು. ಇಲ್ಲಿನ ಕಾಲೇಜಿನಲ್ಲಿ ಬಾಣಂತನದ ರಜೆಗೆ ಹೋದ ಟೀಚರ್ ಬದಲಿಗೆ ಏಪ್ರಿಲ್ ಕೊನೆವರೆಗೆ ಪಾಠ ಹೇಳಲು ಬಂದಿದ್ದ.

ಅವನದೊಂದು ವಿಚಿತ್ರ ಅಭ್ಯಾಸವಿತ್ತು. ಅವಳು ಎಲ್ಲಿ ನಿಂತರೂ ಸುತ್ತಿ ಬಂದು ಅವಳ ಎಡಕ್ಕೇ ನಿಲ್ಲುತ್ತಿದ್ದ. ಅವಳು ಮಾತಾಡುವಾಗ ಮುಖ ಅತ್ತ ತಿರುಗಿಸಿ ಕಿಟಕಿ ನೋಡುತ್ತಿದ್ದ. ನಾಚಿಕೆಯೋ, ಬಿಂಕವೋ? ಸ್ಕೂಲ್ ಬಸ್ ಡಿಪೋದಲ್ಲಿ ಇಡೀ ದಿನ ಡ್ರೈವರುಗಳ ಜೊತೆ ವೈರ್‌ಲೆಸ್ಸಿನಲ್ಲಿ ಕೂಗಾಡುವ ಲರೀಸಾಗೆ, ಒಬ್ಬ ಗಂಡಸಿನ ಕತ್ತಿನ ಓರೆಯ ಬಗ್ಗೆ ಕೆಲಸದ ನಡುವೆ ಯೋಚಿಸುವುದು ಹೊಸತು. ಗಂಡ ಬ್ರೆಂಟ್ "ನಾನು ಸ್ವಲ್ಪ ಯೋಚನೆ ಮಾಡ್ಬೇಕು" ಅಂತ ದೂರದ ಕೆಲೋನಾ ಎಂಬ ಊರಿಗೆ ಹೋಗಿದ್ದ. ಡೈವೋರ್ಸ್ ಮುಗಿದರೂ ಅವನ ಯೋಚನೆ ಮುಗಿದ ಸುದ್ದಿ ಬಂದಿರಲಿಲ್ಲ. ಇನ್ನು ಯಾರನ್ನೂ ಇರು ಅಂತ ಕೇಳುವುದಿಲ್ಲ ಎಂದು ಅವಳು ಅಂದೇ ಶಪಥ ಮಾಡಿದ್ದಳು.

ಫೆಬ್ರವರಿಯ ಕೊನೆಯಲ್ಲಿ ಆ ಶಪಥ ಮುರಿಯಿತು. ಅವನ ಮನೆಯ ಟೀವಿಯಲ್ಲಿ ಸದ್ದು ಆಗಾಗ ಕಡಿದುಹೋಗುತ್ತಿತ್ತು, ನೋಡಲು ಅವಳು ಹೋಗಿದ್ದಳು. ಕೋಣೆಯಲ್ಲಿ ಒಂದೇ ಕುರ್ಚಿ. ಗಾರ್ನೆಟ್ ಟೀವಿ ಹಿಂದೆ, ಬಲಭುಜ ಗೋಡೆಗೆ ಒತ್ತಿಕೊಂಡು ಮೂಲೆಯಲ್ಲಿ ಸಿಕ್ಕಿಕೊಂಡಿದ್ದ. ಅವಳು ಈಚೆ ಮಂಡಿಯೂರಿ ಬೆಳಕು ಹಿಡಿದಿದ್ದಳು. ಅವನ ಕಿವಿ ಇಷ್ಟು ಹತ್ತಿರ. ಕಿವಿಯ ಹಿಂದೆ ಸುಟ್ಟ ಸಣ್ಣ ಕಲೆ.

"ಏಪ್ರಿಲ್ ಆದ್ಮೇಲೂ ನೀವು ಇಲ್ಲೇ ಇದ್ರೆ," ಅಂದಳು ಮೆಲ್ಲಗೆ, "ನಂಗೆ ತುಂಬಾ ಖುಷಿ ಆಗುತ್ತೆ."

ಅವನು ಒಂದೊಂದೇ ಕೇಬಲ್ ಎಳೆದು ನೋಡಿದ. "ನೋಡಿದ್ರಾ, ಈ ಕೇಬಲ್ಲೇ ಸಡಿಲ," ಅಂದ.

ಲರೀಸಾ ಎದ್ದಳು. ಒಲೆ ಮೇಲೆ ಏನೋ ಇಟ್ಟು ಬಂದಿದ್ದೀನಿ ಅಂದಳು. ಒಲೆಯ ಮೇಲೆ ಏನೂ ಇರಲಿಲ್ಲ.

ಮುಂದಿನ ಶನಿವಾರ ಅವನು ಬಾಗಿಲು ತಟ್ಟಿದಾಗ, "ಎಲ್ಲಾ ಸರಿಯಾಗಿದೆ, ಥ್ಯಾಂಕ್ಸ್," ಅಂದು ಬಾಗಿಲನ್ನು ಒಂದು ಗೇಣು ಮಾತ್ರ ತೆಗೆದಳು. ಅವನು ಹಿಮದ ಮೇಲೆ ಕರಕರ ಹೆಜ್ಜೆ ಹಾಕಿ ಹೋದ. ಮಾರ್ಚ್ ಹಾಗೇ ಕಳೆಯಿತು. ಬೆಳಿಗ್ಗೆ ಅವನ ಟ್ರಕ್ ಹೊರಟ ಮೇಲೆಯೇ ಅವಳು ತನ್ನ ಕಾರಿನ ಹತ್ತಿರ ಹೋಗುತ್ತಿದ್ದಳು.

"ಆ ಹುಡುಗ ಎಲ್ಲೇ?" ಏಪ್ರಿಲಿನ ಒಂದು ಶನಿವಾರ ಅಪ್ಪ ಕೇಳಿದ. ಟೀವಿ ಚೆನ್ನಾಗಿ ಮಾತಾಡುತ್ತಿತ್ತು. ಮನೆ ಮಾತ್ರ ಬಿಕೋ ಅನ್ನುತ್ತಿತ್ತು.

"ನಲವತ್ತು ದಾಟಿದೋನು ಹುಡುಗ ಅಲ್ಲ ಅಪ್ಪ."

"ನಂಗೆ ಹುಡುಗನೇ. ಜಗಳ ಆಡಿದ್ಯಾ?"

ಲರೀಸಾ ಹಿಟ್ಟನ್ನು ಇನ್ನಷ್ಟು ಜೋರಾಗಿ ನಾದಿದಳು. ಆಮೇಲೆ ತಡೆಯಲಾಗಲಿಲ್ಲ. "ಒಂದು ಮಾತು ಕೇಳಿದೆ ಅಪ್ಪ. ನಾಚಿಕೆ ಬಿಟ್ಟು ಕೇಳಿದೆ. ಅವನು ಉತ್ತರಾನೇ ಕೊಡ್ಲಿಲ್ಲ."

"ಯಾವ ಕಡೆಯಿಂದ ಕೇಳಿದೆ?"

"ಅಂದ್ರೆ?"

"ಎಡಗಡೆಯಿಂದ್ಲೋ ಬಲಗಡೆಯಿಂದ್ಲೋ?"

ಅವಳ ಕೈ ಹಿಟ್ಟಿನಲ್ಲೇ ನಿಂತಿತು.

"ಅವನಿಗೆ ಎಡಗಿವಿ ಪೂರಾ ಹೋಗಿದೆ ಕಣೇ," ಅಂದ ವಾಸಿಲ್. "ಮೊದಲ ದಿನವೇ ಗೊತ್ತಾಯ್ತು. ನೀನು ಮಾತಾಡಿದ್ರೆ ಆ ಕಡೆ ನೋಡ್ತಾನಲ್ಲ, ಅದು ಬಲಗಿವಿಯನ್ನ ನಿನಗೆ ಕೊಡೋದು. ಕಿವುಡನ ಕಳ್ಳಾಟ ಕಿವುಡನಿಗಲ್ದೆ ಇನ್ಯಾರಿಗೆ ತಿಳಿಯುತ್ತೆ? ನಾನೂ ನಿಮ್ಮಮ್ಮನ ಹತ್ರ ಆರು ವರ್ಷ ಅದನ್ನೇ ಮಾಡಿದ್ದೆ."

"ನಂಗ್ಯಾಕೆ ಹೇಳ್ಲಿಲ್ಲ ನೀನು?"

"ನೀನು ಕೇಳ್ಲಿಲ್ಲ. ನಾನು ಮ್ಯಾಚ್ ನೋಡ್ತಿದ್ದೆ."

ಲರೀಸಾ ಕೈ ತೊಳೆಯಲಿಲ್ಲ, ಕೋಟು ಹಾಕಲಿಲ್ಲ. ಮನೆಯ ಮೆತ್ತನೆ ಚಪ್ಪಲಿಯಲ್ಲೇ ಕರಗಿದ ಹಿಮದ ಕೆಸರು ತುಳಿದು ಹೋದಳು. ಗಾರ್ನೆಟ್ ಟ್ರಕ್ಕಿನ ಹಿಂಭಾಗಕ್ಕೆ ಒಂದು ಪೆಟ್ಟಿಗೆ ಏರಿಸುತ್ತಿದ್ದ. ಅವಳು ಸುತ್ತಿ ಬಂದು ಅವನ ಬಲಕ್ಕೆ ನಿಂತಳು.

"ಈಗ ಕೇಳಿಸುತ್ತಾ?"

ಅವನ ಮುಖದ ಬಣ್ಣ ಹೋಯಿತು. ಪೆಟ್ಟಿಗೆ ಕೆಳಗಿಟ್ಟ. "ಯಾರು ಹೇಳಿದ್ರು?"

"ಅಪ್ಪ. ನೀವ್ಯಾಕೆ ಮುಚ್ಚಿಟ್ರಿ?"

"ಸದ್ದು ಸರಿ ಮಾಡೋಕೆ ಬಂದೋನೇ ಅರ್ಧ ಕಿವುಡ ಅಂದ್ರೆ ಏನು ಚೆಂದ? ಇವತ್ತು ಹೇಳೋಣ, ನಾಳೆ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನೀವು ಬಾಗಿಲು ಹಾಕಿದ್ರಿ."

"ಆವತ್ತು ನಿಮ್ಮ ಟೀವಿ ಹಿಂದೆ ಒಂದು ಮಾತು ಹೇಳಿದ್ದೆ. ಎಡಗಡೆ ಕೂತು."

"ಏನು?"

ಎರಡನೇ ಸಲ ಹೇಳುವುದು ಮೊದಲಿಗಿಂತ ಕಷ್ಟ. ತಿದ್ದಿ ಜೋಡಿಸಿದ ಆ ವಾಕ್ಯ ಬಾಯಿಗೇ ಬರಲಿಲ್ಲ. "ಹೋಗಬೇಡ," ಅಂದಳು, ಡಿಪೋದ ದನಿಯಲ್ಲಿ. ಎದುರು ಮನೆಯ ನಾಯಿ ಬೊಗಳಿತು.

ಗಾರ್ನೆಟ್ ಅವಳನ್ನೇ ನೋಡಿದ. ಈ ಸಲ ಕಿಟಕಿಯನ್ನಲ್ಲ, ಆಕಾಶವನ್ನಲ್ಲ, ನೆಟ್ಟಗೆ ಅವಳ ಕಣ್ಣನ್ನು. ಆಮೇಲೆ ನಿಟ್ಟುಸಿರು ಬಿಟ್ಟ. "ಗುರುವಾರ ಕಾಲೇಜಿನವರು ಕರೆದು ಖಾಯಂ ಕೆಲಸ ಕೊಡ್ತೀವಿ, ಇರ್ತೀರಾ ಅಂದ್ರು. ಆಗಲ್ಲ ಅಂದುಬಿಟ್ಟೆ."

"ಯಾಕೆ?"

"ಪಕ್ಕದ ಮನೆಯೋರು ಮುಖ ತಿರುಗಿಸ್ಕೊಂಡು ಓಡಾಡ್ತಿದ್ರೆ ಈ ಊರಲ್ಲಿ ನಂಗೇನಿದೆ ಅನ್ನಿಸ್ತು."

"ಈಗ್ಲೇ ಫೋನ್ ಮಾಡು. ತಪ್ಪಾಯ್ತು ಅನ್ನು."

ಅವನು ಪ್ರಿನ್ಸಿಪಾಲರ ಮನೆಗೇ ಮಾಡಿದ. ಫೋನನ್ನು ಬಲಗಿವಿಗೆ ಒತ್ತಿಕೊಂಡು ಆಚೀಚೆ ಓಡಾಡಿದ. "ಹೌದಾ... ಇಲ್ಲ ಇಲ್ಲ, ಪರವಾಗಿಲ್ಲ... ಅವರಿಗೆ ಒಳ್ಳೇದಾಗ್ಲಿ." ಲರೀಸಾಗೆ ಕಾಲು ಚಳಿಗೆ ಮರಗಟ್ಟುತ್ತಿತ್ತು, ಎದೆಯೂ. ಬ್ರೆಂಟ್ ಹೋದ ದಿನವೂ ಹೀಗೇ ಅಂಗಳದಲ್ಲಿ ನಿಂತಿದ್ದಳು.

ಅವನು ಫೋನ್ ಜೇಬಿಗೆ ಹಾಕಿದ. "ಆ ಕೆಲಸ ರೆಜೈನಾ ಊರಿನ ಒಬ್ಬರಿಗೆ ಕೊಟ್ಟಾಯ್ತಂತೆ."

"ಹಾಗಾದ್ರೆ..." ಅವಳು ಟ್ರಕ್ಕಿನ ಕಡೆ ನೋಡಿದಳು.

"ಹಾಗಾದ್ರೆ ಏನು?" ಅವನು ಬಾಗಿ, ಟ್ರಕ್ಕಿಗೆ ಏರಿಸಲಿದ್ದ ಪೆಟ್ಟಿಗೆಯನ್ನು ಎತ್ತಿಕೊಂಡು ತನ್ನ ಮೆಟ್ಟಿಲ ಮೇಲಿಟ್ಟ. "ಇದು ರೈತರ ನಾಡು. ಬಿತ್ತನೆ ಶುರುವಾದ್ರೆ ದಿನಾ ಒಬ್ಬನ ಯಂತ್ರ ಮುರೀತದೆ. ಒಂದು ವೆಲ್ಡಿಂಗ್ ಮೆಷಿನ್ ಟ್ರಕ್ಕಲ್ಲಿ ಹಾಕ್ಕೊಂಡು ತಿರುಗಿದ್ರೆ ಹೊಟ್ಟೆಗೆ ತೊಂದ್ರೆ ಇಲ್ಲ. ನಾನು ಕೆಲಸ ಕೇಳೋಕೆ ಫೋನ್ ಮಾಡಿದ್ದು. ಇರ್ಲಾ ಬೇಡ್ವಾ ಅಂತ ಕೇಳೋಕಲ್ಲ. ಅದು ಆಗ್ಲೇ ತೀರ್ಮಾನ ಆಯ್ತು."

"ಯಾವಾಗ?"

"ಎದುರು ಮನೆ ನಾಯೀನೇ ಹೆದರಿ ಬೊಗಳೋ ಹಾಗೆ ನೀನು ಕೂಗಿದ್ಯಲ್ಲ, ಆಗ."

ಅವಳು ನಗುತ್ತಾ ಅತ್ತಳು. ಅವನ ಕೋಟಿನ ಎದೆ ಹಿಡಿದುಕೊಂಡಾಗ ಹಿಟ್ಟಿನ ಹತ್ತು ಬೆರಳೂ ಅಲ್ಲಿ ಅಚ್ಚೊತ್ತಿದವು. ಅವನು ಅವಳ ಕೈಗಳನ್ನು ಹಿಡಿದು ಬಾಯಿಯ ಹತ್ತಿರ ತಂದು ಬಿಸಿಯುಸಿರು ಊದಿದ.

"ಚಪ್ಪಲಿ ನೋಡು, ನೆಂದು ಮುದ್ದೆಯಾಗಿದೆ," ಅಂದ. "ಒಳಗೆ ಕರೀತೀಯೋ, ಇಲ್ಲೇ ನಿಂತು ಇಬ್ರೂ ಮಂಜಾಗೋಣವೋ?"

ಅವಳು ಅವನ ತೋಳು ಎಳೆದುಕೊಂಡು ತನ್ನ ಮನೆಯ ಮೆಟ್ಟಿಲು ಹತ್ತಿದಳು. ಹೊಸ್ತಿಲ ಮೇಲೆ ಅವನು ಅವಳನ್ನು ತಡೆದು ನಿಲ್ಲಿಸಿ ತನ್ನತ್ತ ಎಳೆದುಕೊಂಡ. ಹಿಂದೆ ಬಾಗಿಲು ಹಾರು ಹೊಡೆದಿತ್ತು.

"ಬಾಗಿಲು ಹಾಕ್ರೋ!" ಒಳಗಿನಿಂದ ವಾಸಿಲ್ ಕೂಗಿದ. "ಊರಿಗೆಲ್ಲಾ ಹೀಟರ್ ಹಾಕ್ತಿದ್ದೀರಾ?"

ಇಬ್ಬರಿಗೂ ಅದು ಚೆನ್ನಾಗಿಯೇ ಕೇಳಿಸಿತು. ಆದರೂ ಬಾಗಿಲು ಇನ್ನೂ ಸ್ವಲ್ಪ ಹೊತ್ತು ತೆರೆದೇ ಇತ್ತು.