ಒಡೆಯದ ಹಳದಿ ಗೆರೆ

ಸೋಮವಾರ ಬೆಳಿಗ್ಗೆ ಠಾಣೆಯ ಕಸ ಗುಡಿಸುವ ಹೊತ್ತಿಗೇ ಆ ತಾಯಿ ಬಂದು ಬೆಂಚಿನ ಮೇಲೆ ಕುಳಿತಿದ್ದರು. ಅಳುವುದನ್ನೆಲ್ಲ ಮನೆಯಲ್ಲೇ ಮುಗಿಸಿ ಬಂದವರಂತೆ ಕಣ್ಣು ಒಣಗಿತ್ತು. ಇನ್ಸ್‌ಪೆಕ್ಟರ್ ಒಳಗೆ ಕಾಲಿಟ್ಟ ಕೂಡಲೇ ಎದ್ದು ನಿಂತರು.

“ನನ್ನ ಮಗಳದ್ದು ಆಕ್ಸಿಡೆಂಟ್ ಅಲ್ಲ ಮೇಡಂ. ಅಳಿಯ ಗಾಡಿಗೆ ಏನೋ ಮಾಡಿ ಕಳಿಸಿದಾನೆ. ಬರ್ಕೊಳ್ಳಿ.”

ಇನ್ಸ್‌ಪೆಕ್ಟರ್ ಮನಸ್ಸಿನಲ್ಲಿ ಶನಿವಾರವೇ ಆ ಕಡತ ಮುಚ್ಚಿಬಿಟ್ಟಿದ್ದರು. ಜೋರಾಗಿ ಓಡಲೆಂದೇ ತಿದ್ದಿಸಿದ ಸ್ಪೋರ್ಟ್ಸ್ ಕಾರು, ಖಾಲಿ ರಸ್ತೆ, ಎದುರಿಗೊಂದು ಗೋಡೆ. ಇನ್ನೇನು ತನಿಖೆ ಮಾಡುವುದು? ಹೆತ್ತ ಕರುಳು, ಯಾರನ್ನಾದರೂ ಬೈಯದೆ ತಣಿಯುವುದಿಲ್ಲ ಎಂದುಕೊಂಡರು.

“ಆಧಾರ ಏನಮ್ಮ?”

“ನನ್ನ ಮಗ ಮೆಕ್ಯಾನಿಕ್. ಹೋದ ವಾರವಷ್ಟೇ ಆ ಗಾಡಿ ಕೆಲಸ ಮಾಡಿ ಕೊಟ್ಟಿದಾನೆ. ಬಿಗಿ ಮಾಡಿದ ಒಂದೊಂದು ಬೋಲ್ಟಿನ ಮೇಲೂ ಹಳದಿ ಬಣ್ಣದ ಗೆರೆ ಎಳೀತಾನೆ, ಅವರಪ್ಪ ಕಲಿಸಿದ್ದು. ಆಮೇಲೆ ಯಾರು ಬಿಚ್ಚಿದ್ರೂ ಗೆರೆ ಒಡೆಯತ್ತೆ. ಹೋಗಿ ನೋಡಿ, ಒಡೆದಿಲ್ಲ ಅಂದ್ರೆ ಕೇಳಿ.”

ಮಾತಿನಲ್ಲಿ ತೂಕವಿತ್ತು. ಅಳಿಯನ ಹೆಸರಿನ ಮೇಲೆ ಎಫ್‌ಐಆರ್ ದಾಖಲಾಯಿತು.

ಮೊದಲು ಸ್ಥಳ ಪಂಚನಾಮೆ. ಜೊತೆಗೆ ಬಂದ ಹೆಡ್ ಕಾನ್‌ಸ್ಟೇಬಲ್ ಬಾಯಿಗೆ ಬೀಗವಿಲ್ಲದ ಮನುಷ್ಯ. ಆದರೆ ಕಣ್ಣು ಚುರುಕು. ರಸ್ತೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಟೈರಿನ ಕಪ್ಪು ಗುರುತು ತೋರಿಸಿದ.

“ಎರಡೇ ಗೆರೆ ಮೇಡಂ. ಹಿಂದಿನ ಚಕ್ರದ್ದು. ಅಷ್ಟು ಜೋರಾಗಿ ಬ್ರೇಕ್ ಒತ್ತಿದ್ರೆ ಮುಂದಿನವೂ ಉಜ್ಜಬೇಕಿತ್ತು.”

“ಅಂದ್ರೆ?”

“ಓಡ್ತಾ ಓಡ್ತಾನೇ ಹಿಂದಿನ ಚಕ್ರ ಕಚ್ಕೊಂಡಿದೆ. ಪಾಪ, ಆ ಹುಡುಗಿ ಏನ್ ತಾನೇ ಮಾಡ್ತಾಳೆ.”

ಜಖಂ ಆದ ಕಾರನ್ನು ಠಾಣೆಯ ಹಿಂದಿನ ಶೆಡ್ಡಿನಲ್ಲಿ ಜಾಕಿ ಕೊಟ್ಟು ಎತ್ತಿದರು. ಮೋಟಾರು ವಾಹನ ನಿರೀಕ್ಷಕರು ಹಿಂದಿನ ಚಕ್ರಗಳ ನಡುವಿನ ಕಬ್ಬಿಣದ ಬುರುಡೆಗೆ ಟಾರ್ಚ್ ಹಿಡಿದರು. ಎಂಜಿನಿನ ಬಲವನ್ನು ಎರಡೂ ಚಕ್ರಗಳಿಗೆ ಹಂಚಿಕೊಡುವ ಡಿಫರೆನ್ಷಿಯಲ್ ಅದು. ಎಣ್ಣೆ ತುಂಬುವ ಬಿರಡೆಯ ಮೇಲೂ ಮುಚ್ಚಳದ ಬೋಲ್ಟುಗಳ ಮೇಲೂ ಹಳದಿ ಗೆರೆಗಳಿದ್ದವು. ಒಂದೂ ಒಡೆದಿರಲಿಲ್ಲ. ಅಳಿಯ ಬಚಾವಾದ ಎಂದುಕೊಂಡು ಇನ್ಸ್‌ಪೆಕ್ಟರ್ ಒಂದು ಉಸಿರು ಬಿಟ್ಟರು.

ಪಂಚರ ಮುಂದೆ ಮುಚ್ಚಳ ಬಿಚ್ಚಿಸಿದಾಗ ಎಣ್ಣೆ ಸುರಿಯಲಿಲ್ಲ. ಸುಟ್ಟ ವಾಸನೆಯ ಕಪ್ಪು ಗಂಜಿಯೊಂದು ಧೊಪ್ಪನೆ ತಟ್ಟೆಗೆ ಬಿತ್ತು. ನಿರೀಕ್ಷಕರು ಅದನ್ನು ಬೆರಳಲ್ಲಿ ಉಜ್ಜಿ ನೋಡಿದರು.

“ಮರದ ಹೊಟ್ಟು. ಹಳೇ ಗಾಡಿ ಮಾರೋ ಕಳ್ಳರ ಕೆಲಸ ಇದು. ಸವೆದ ಗೇರಿನ ಹಲ್ಲು ಕೂಗದ ಹಾಗೆ ಎಣ್ಣೆಗೆ ಹೊಟ್ಟು ಬೆರೆಸಿಬಿಡ್ತಾರೆ. ಸದ್ದು ಅಡಗತ್ತೆ, ಆದ್ರೆ ಎಣ್ಣೆ ಹರಿಯಲ್ಲ. ಹಲ್ಲು ಕಾದು ಕಚ್ಕೊಳ್ಳತ್ತೆ.”

ಹಲ್ಲುಚಕ್ರದ ಒಂದು ಮಗ್ಗುಲು ಕತ್ತಿಯ ಅಲಗಿನಂತೆ ಸವೆದು ನೀಲಿಗಟ್ಟಿತ್ತು. ಇನ್ಸ್‌ಪೆಕ್ಟರ್ ಮತ್ತೊಮ್ಮೆ ಬಿರಡೆಯನ್ನು ನೋಡಿದರು. ಗೆರೆ ಒಡೆದಿಲ್ಲ ಎಂದರೆ, ಗೆರೆ ಎಳೆದವನ ನಂತರ ಯಾರೂ ಅದನ್ನು ಮುಟ್ಟಿಲ್ಲ. ಬೆಂಚಿನ ಮೇಲಿನ ಆ ತಾಯಿಗೆ ಉಳಿದಿರುವುದು ಇನ್ನೊಂದೇ ಕೂಸು.

ಅದೇ ಮಧ್ಯಾಹ್ನ ಅಳಿಯನ ವಿಚಾರಣೆ ನಡೆಯಿತು.

“ಗಾಡಿಗೆ ಏನು ತೊಂದರೆ ಇತ್ತು?”

“ಊಳಿಡ್ತಿತ್ತು. ಆಕ್ಸಿಲರೇಟರ್ ಒತ್ತಿದ್ರೆ ಊಳು, ಬಿಟ್ರೆ ನಿಲ್ತಿತ್ತು.”

“ನಿಮ್ಮ ಭಾವ ಏನಂದ್ರು?”

“ಎಂಜಿನ್ ಜೋರು ಮಾಡಿಸಿದೀಯ, ಡಿಫರೆನ್ಷಿಯಲ್ ಹಳೇದೇ ಇದೆ, ಹಲ್ಲು ಸವೆದಿದೆ, ಬದಲಾಯಿಸೋವರೆಗೂ ಓಡಿಸ್ಬೇಡ ಅಂದ್ರು. ನಂಗೆ ಭಾನುವಾರ ರೇಸ್ ಟ್ರ್ಯಾಕಿಗೆ ಹೋಗೋದಿತ್ತು. ಆಗಲ್ಲ ಅಂದೆ.”

“ನೀವು ಅಷ್ಟೇ ಅಂದ್ರಾ?”

ಆತ ತಲೆ ತಗ್ಗಿಸಿದ. “ಫ್ರೆಂಡ್ಸ್ ಇದ್ರು. ನಮ್ಮ ಭಾವನಿಗೆ ಸದ್ದು ಹಿಡಿಯೋ ಕಿವಿ ಇದೆ, ರಿಪೇರಿ ಮಾಡೋ ಕೈ ಇಲ್ಲ ಅಂದೆ. ಮೊದಲು ಗಾಡಿ ಬಾಯಿ ಮುಚ್ಚಿಸು, ಆಮೇಲೆ ನಿನ್ನ ಬಾಯಿ ಮುಚ್ಚು ಅಂದೆ. ತಮಾಷೆಗೆ ಮೇಡಂ.”

ಹೆಂಡತಿಯ ಅಣ್ಣನನ್ನು ನಾಲ್ಕು ಜನರ ಮುಂದೆ ಏಕವಚನದಲ್ಲಿ ಕರೆದದ್ದು ತಮಾಷೆಯಂತೆ. ಇನ್ಸ್‌ಪೆಕ್ಟರಿಗೆ ಅವನ ಕಪಾಳಕ್ಕೆ ಬಿಗಿಯಬೇಕೆನಿಸಿತು.

“ಹೆಂಡತಿ ಆ ಗಾಡಿ ಓಡಿಸ್ತಿದ್ರಾ?”

“ಇಲ್ಲ. ಆ ಊಳು ಕೇಳಿದ್ರೇ ಹೆದರ್ತಿದ್ಲು, ಒಂದಿನ ಕೂತೋಳಲ್ಲ. ಶನಿವಾರ ಅವಳೇ ಕೀ ತಗೊಂಡ್ಳು. ಅಣ್ಣ ಸರಿ ಮಾಡಿದಾನೆ, ಈಗ ಬೆಕ್ಕಿನ ಹಾಗೆ ಸದ್ದಿಲ್ದೆ ಹೋಗತ್ತೆ, ಅಮ್ಮನ್ನ ನೋಡ್ಕೊಂಡು ಬರ್ತೀನಿ ಅಂದ್ಲು.”

ಸಂಜೆ ಐದಕ್ಕೆ ಜೀಪು ಗ್ಯಾರೇಜಿನ ಮುಂದೆ ನಿಂತಿತು. ನೆಲಕ್ಕೆ ಚೆಲ್ಲಿದ ಎಣ್ಣೆ ಹೀರಲೆಂದು ಮೂಲೆಯಲ್ಲಿ ಮರದ ಹೊಟ್ಟಿನ ಚೀಲವಿತ್ತು. ತಂಗಿ ಸತ್ತ ಮೂರನೇ ದಿನವೂ ಮೆಕ್ಯಾನಿಕ್ ಯಾವುದೋ ಗಾಡಿಯ ಕೆಳಗೆ ಮಲಗಿದ್ದ. ಹೊರಗೆ ಬಂದು ಕೈ ಒರೆಸಿಕೊಳ್ಳುವುದನ್ನೂ ಮರೆತು ನಿಂತ. ಇನ್ಸ್‌ಪೆಕ್ಟರ್ ಬಿರಡೆಯ ಫೋಟೊ ಮುಂದೆ ಹಿಡಿದರು.

“ಈ ಗೆರೆ ನಿಮ್ಮದಾ?”

ಅಲ್ಲ ಎಂದಿದ್ದರೆ ಕೇಸು ಕೋರ್ಟಿನಲ್ಲಿ ವರ್ಷಗಟ್ಟಲೆ ಕುಂಟುತ್ತಿತ್ತು. ಹಳದಿ ಬಣ್ಣ ಯಾರ ಬಳಿಯೂ ಇರಬಹುದು. ಆದರೆ ತನ್ನ ಕೈಕೆಲಸವನ್ನು ತನ್ನದಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ.

“ನಂದೇ.”

“ಹೊಟ್ಟು?”

“ಅದೂ ನಂದೇ.”

“ಅಂಥ ಕೆಲಸ ಮಾಡಿ ಗೆರೆ ಯಾಕೆ ಎಳೆದ್ರಿ?”

“ಕೈ ರೂಢಿ ಮೇಡಂ. ಎಳೆದಿದ್ದು ಗೊತ್ತೇ ಆಗ್ಲಿಲ್ಲ.”

ಮಹಜರು ಬರೆದು, ಹೊಟ್ಟಿನ ಚೀಲ ಜಪ್ತಿ ಮಾಡಿ, ಆತನನ್ನು ಬಂಧಿಸಿದರು. ದಾರಿಯುದ್ದಕ್ಕೂ ಆತ ಕೇಳದೆಯೇ ಹೇಳಿಕೊಂಡ. ಭಾನುವಾರ ಟ್ರ್ಯಾಕಿನಲ್ಲಿ, ಅವತ್ತು ನಕ್ಕ ಅದೇ ಗೆಳೆಯರ ಎದುರಿಗೆ, ಗಾಡಿ ಕಚ್ಚಿಕೊಂಡು ನಿಲ್ಲಬೇಕು, ತಂಗಿಯ ಗಂಡನ ಮಾನ ಹೋಗಬೇಕು. ಕೈಕಾಲು ಮುರಿದರೆ ಮುರಿಯಲಿ ಎಂದೂ ಅನ್ನಿಸಿತ್ತಂತೆ. “ಬಾಯಿ ಮುಚ್ಚಿಸು ಅಂದ, ಮುಚ್ಚಿಸ್ದೆ. ಅವಳು ಆ ಗಾಡಿ ಹತ್ರ ಸುಳೀತಿರ್ಲಿಲ್ಲ ಮೇಡಂ. ಆ ಸದ್ದೇ ಅವಳನ್ನ ದೂರ ಇಟ್ಟಿತ್ತು.” ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ಕೊಲೆಯಲ್ಲದ ನರಹತ್ಯೆಗೆ ಒಂದು ಕಲಮು ಸಿಕ್ಕಿತು. ಅಳಿಯನ ನಾಲಿಗೆಗೆ ಯಾವ ಪುಸ್ತಕದಲ್ಲೂ ಕಲಮು ಇರಲಿಲ್ಲ.

ಠಾಣೆಯ ಬೆಂಚಿನ ಮೇಲೆ ತಾಯಿ ಇನ್ನೂ ಕಾದಿದ್ದರು. ಜೀಪಿನ ಹಿಂಬದಿಯಲ್ಲಿ ಕುಳಿತವನು ಅವರಿಗೆ ಕಾಣುತ್ತಿರಲಿಲ್ಲ. ಇನ್ಸ್‌ಪೆಕ್ಟರ್ ಅವನನ್ನು ಇಳಿಸಲು ಬಿಡದೆ ತಾವೇ ಮುಂದೆ ಬಂದರು.

“ಗೆರೆ ಒಡೆದಿತ್ತಾ ಮೇಡಂ?”

“ಇಲ್ಲಮ್ಮ.”

“ಸರಿಯಾಗಿ ನೋಡಿದ್ರಾ?”

“ನೋಡಿದ್ವಿ ಅಮ್ಮ. ಒಂದೂ ಒಡೆದಿರಲಿಲ್ಲ.”

“ಹಾಗಾದ್ರೆ ನನ್ನ ಮಗನಾದ್ಮೇಲೆ ಯಾರೂ ಬಿಚ್ಚಿಲ್ಲ,” ಎಂದರು ತಾಯಿ. ಕಣ್ಣು ಮೆಲ್ಲಗೆ ಜೀಪಿನ ಕಡೆ ತಿರುಗಿತು. ಹೆಡ್ ಕಾನ್‌ಸ್ಟೇಬಲ್ ಬಾಗಿಲು ಹಿಡಿದು ತಲೆ ತಗ್ಗಿಸಿ ನಿಂತಿದ್ದ.

“ಕೊಟ್ಟ ಕಂಪ್ಲೇಂಟ್ ವಾಪಸ್ ತಗೊಳ್ತೀನಿ.”

“ಈಗ ಆಗಲ್ಲಮ್ಮ.”

ಆಕೆ ಕುಸಿದು ಅದೇ ಬೆಂಚಿನ ಮೇಲೆ ಕುಳಿತರು. ಬೆಳಗಿನಿಂದ ಒಣಗಿದ್ದ ಕಣ್ಣು ಆಗಲೂ ಒದ್ದೆಯಾಗಲಿಲ್ಲ.

“ನನ್ನ ಮಗಳ ಸಾವಿಗೆ ಅಳಿಯನ ಮೇಲೆ ಕಂಪ್ಲೇಂಟ್ ಕೊಟ್ಟೆ. ಈಗ ನನ್ನ ಮಗನ್ನ ಹಿಡಿದುಕೊಟ್ಟಿದ್ದಕ್ಕೆ ಯಾರ ಮೇಲೆ ಕೊಡ್ಲಿ ಮೇಡಂ?”

ಇನ್ಸ್‌ಪೆಕ್ಟರ್ ಟೋಪಿ ತೆಗೆದು ಆಕೆಯ ಪಕ್ಕದಲ್ಲಿ ಕುಳಿತರು.